‘ಲಯರ್ಸ್ ಪೋಕರ್’: ನಗುವಿನ ಮರೆಯಲ್ಲಿ ಉಳಿದವರು

ನಿಮ್ಮ ಮಗನಿಗೋ ಮಗಳಿಗೋ ದೊಡ್ಡ ಬ್ಯಾಂಕೊಂದರಲ್ಲಿ ಕೈತುಂಬ ಸಂಬಳದ ಕೆಲಸ ಸಿಕ್ಕರೆ ನೀವು ನೆರೆಹೊರೆಗೆಲ್ಲ ಸಿಹಿ ಹಂಚುತ್ತೀರಿ. ‘ಸಂಬಳ ಎಷ್ಟು?’ ಎಂದು ಎಲ್ಲರೂ ವಿಚಾರಿಸುತ್ತಾರೆ. ‘ಆ ಹಣ ಯಾರಿಂದ ಬರುತ್ತದೆ?’ ಎಂದು ವಿಚಾರಿಸುವವರು ವಿರಳ. ಅಮೆರಿಕದ ಲೇಖಕ ಮೈಕಲ್ ಲೂಯಿಸ್ 1989ರಲ್ಲಿ ಪ್ರಕಟಿಸಿದ ‘ಲಯರ್ಸ್ ಪೋಕರ್’ ಎಂಬ ಆತ್ಮಕಥನ ಈ ಎರಡನೆಯ ಪ್ರಶ್ನೆಯನ್ನು ಎತ್ತುತ್ತದೆ. ಆದರೆ ಅದನ್ನು ಕೊನೆಯವರೆಗೆ ಹಿಡಿದು ನಿಲ್ಲುವುದಿಲ್ಲ.

ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಕಲೆಯ ಇತಿಹಾಸ ಓದಿದ್ದ ಲೂಯಿಸ್‌ಗೆ ಲಂಡನ್ನಿನ ರಾಜಮನೆತನದ ಔತಣಕೂಟವೊಂದರಲ್ಲಿ ಪಕ್ಕದಲ್ಲಿ ಕುಳಿತ ಮಹಿಳೆಯ ಪರಿಚಯವೇ ಉದ್ಯೋಗದ ಬಾಗಿಲು ತೆರೆಯಿತು. ಆಕೆಯ ಪತಿ ಸಾಲೊಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕಿನ ಅಧಿಕಾರಿ. 1985ರಲ್ಲಿ ನ್ಯೂಯಾರ್ಕಿನ ತರಬೇತಿ ತರಗತಿಗೆ ಸೇರಿದ 127 ಮಂದಿಯಲ್ಲಿ ಲೂಯಿಸ್ ಒಬ್ಬರು. ಹಿಂದಿನ ಬೆಂಚಿನವರು ಉಪನ್ಯಾಸಕರತ್ತ ಕಾಗದದ ಉಂಡೆ ಎಸೆಯುವ, ಒಬ್ಬರನ್ನೊಬ್ಬರು ತುಳಿದು ಮೇಲೇರುವ ಆ ತರಗತಿಯ ಚಿತ್ರಣ ಅತ್ಯಂತ ಜೀವಂತವಾಗಿದೆ.

ಬಾಂಡ್ ಎಂದರೆ ಸಾಲಪತ್ರ. ಬಡ್ಡಿಯ ದರ ಏರಿದರೆ ಹಳೆಯ ಪತ್ರದ ಬೆಲೆ ಇಳಿಯುತ್ತದೆ. ದರ ಇಳಿದರೆ ಬೆಲೆ ಏರುತ್ತದೆ. 1979ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿದರದ ಏರಿಳಿತಕ್ಕೆ ಆಸ್ಪದ ಕೊಟ್ಟ ಮೇಲೆ, ಅದುವರೆಗೆ ನಿದ್ರಿಸುತ್ತಿದ್ದ ಈ ಪತ್ರಗಳ ಪೇಟೆ ಜೂಜಿನ ಕಟ್ಟೆಯಂತಾಯಿತು. ಬ್ಯಾಂಕಿನ ವ್ಯಾಪಾರಿ ಪತ್ರಗಳನ್ನು ಕೊಂಡು ಮಾರುತ್ತಾನೆ. ಲೂಯಿಸ್‌ರಂಥ ಮಾರಾಟಗಾರ ವಿಮಾ ಸಂಸ್ಥೆ, ಪಿಂಚಣಿ ನಿಧಿ, ಸಣ್ಣಪುಟ್ಟ ಬ್ಯಾಂಕುಗಳಿಗೆ ದೂರವಾಣಿ ಮಾಡಿ ಅವನ್ನು ಒಪ್ಪಿಸುತ್ತಾನೆ.

ಕೃತಿಯ ಹೆಸರು ಒಂದು ಆಟದ್ದು. ಆಟಗಾರರು ಡಾಲರ್ ನೋಟನ್ನು ಎದೆಗೆ ಒತ್ತಿ ಹಿಡಿದು, ಎಲ್ಲರ ನೋಟಿನ ಕ್ರಮಸಂಖ್ಯೆಗಳಲ್ಲೂ ಸೇರಿ ಇಂಥ ಅಂಕಿ ಇಷ್ಟು ಸಲ ಬರುತ್ತದೆಂದು ಪಂಥ ಕಟ್ಟುತ್ತಾರೆ. ಸುಳ್ಳನ್ನು ಮುಖದಲ್ಲಿ ತೋರಗೊಡದವನೇ ಗೆಲ್ಲುತ್ತಾನೆ. ಲೇಖಕರು ಹೇಳುವಂತೆ, ಸಂಸ್ಥೆಯ ಮುಖ್ಯಸ್ಥ ಜಾನ್ ಗುಟ್‌ಫ್ರೆಂಡ್ ಹತ್ತು ಲಕ್ಷ ಡಾಲರಿನ ಪಂಥಕ್ಕೆ ಕರೆದಾಗ, ವ್ಯಾಪಾರಿ ಜಾನ್ ಮೆರಿವೆದರ್ ಒಂದು ಕೋಟಿಯಾದರೆ ಆಡೋಣ ಎಂದು ಬಾಯಿ ಮುಚ್ಚಿಸಿದರು. ಆ ಲೋಕದ ಮೌಲ್ಯಗಳೆಲ್ಲ ಈ ಒಂದೇ ಪ್ರಸಂಗದಲ್ಲಿ ಬಯಲಾಗುತ್ತವೆ.

ಆದರೆ ನನ್ನ ದೃಷ್ಟಿಯಲ್ಲಿ ಕೃತಿಯ ಹೃದಯ ಇರುವುದು ಬೇರೆಡೆ. ಲಂಡನ್ ಕಚೇರಿಗೆ ಬಂದ ಹೊಸತರಲ್ಲಿ ಲೂಯಿಸ್, ಒಬ್ಬ ವ್ಯಾಪಾರಿಯ ಮಾತು ನಂಬಿ, ಆಸ್ಟ್ರಿಯಾದ ಬ್ಯಾಂಕೊಂದರ ಜರ್ಮನ್ ನೌಕರನಿಗೆ ಎಟಿ ಅಂಡ್ ಟಿ ಕಂಪನಿಯ ಬಾಂಡ್‌ಗಳನ್ನು ಮಾರುತ್ತಾರೆ. ಅವು ವ್ಯಾಪಾರಿ ಕೈತೊಳೆದುಕೊಳ್ಳಲು ಕಾಯುತ್ತಿದ್ದ ಸರಕು ಎಂಬುದು ಆಮೇಲೆ ತಿಳಿಯುತ್ತದೆ. ಗ್ರಾಹಕನಿಗೆ ನಷ್ಟ, ಸಂಸ್ಥೆಯಲ್ಲಿ ಸಂಭ್ರಮ. ಲೂಯಿಸ್ ದೂರಿದಾಗ, ನೀನು ಅವನ ಆಳೋ ನಮ್ಮ ಆಳೋ ಎಂಬ ಮರುಪ್ರಶ್ನೆ ಎದುರಾಗುತ್ತದೆ. ಗ್ರಾಹಕನನ್ನು ಹೀಗೆ ಮುಳುಗಿಸುವುದಕ್ಕೆ ಅಲ್ಲಿ ‘ಸ್ಫೋಟಿಸುವುದು’ ಎಂಬ ಹೆಸರೂ ಇತ್ತು! ಮನಸ್ಸಾಕ್ಷಿ ಒಮ್ಮೆಲೇ ಸಾಯುವುದಿಲ್ಲ, ಕಚೇರಿಯ ಭಾಷೆಯನ್ನು ಕಲಿಯುತ್ತ ಕಲಿಯುತ್ತ ಮಂಕಾಗುತ್ತದೆ ಎಂಬುದನ್ನು ಲೇಖಕರು ತಮ್ಮನ್ನೇ ಉದಾಹರಣೆಯಾಗಿಟ್ಟು ತೋರಿಸಿರುವುದು ಮೆಚ್ಚತಕ್ಕ ಪ್ರಾಮಾಣಿಕತೆ.

ಕೊರತೆಯೂ ಇಲ್ಲಿಯೇ ಇದೆ. ಆ ಗ್ರಾಹಕ ಕೆಲವು ಪುಟಗಳಲ್ಲಿ ಬಂದು ಮರೆಯಾಗುತ್ತಾನೆ. ಅವನ ಮನೆ, ಮಡದಿ, ಮರುದಿನದ ಮುಖ ನಮಗೆ ಕಾಣುವುದಿಲ್ಲ. ವಂಚಿಸಿದವರು ಮಾತ್ರ ಪುಟಪುಟದಲ್ಲೂ ನಗಿಸುತ್ತಾರೆ. ನಗಿಸುವವರನ್ನು ದ್ವೇಷಿಸುವುದು ಕಷ್ಟ. ಇದರ ಫಲವೇನಾಯಿತು? 1988ರಲ್ಲಿ ಕೆಲಸ ಬಿಟ್ಟು ಬಂದ ಲೂಯಿಸ್, ಇದನ್ನು ಓದಿದ ಯುವಜನರು ಆ ದಾರಿಯಿಂದ ಹಿಂಜರಿಯುವರೆಂದು ಆಶಿಸಿದ್ದರು. ಬಂದದ್ದು, ಇನ್ನೂ ಕೆಲವು ಗುಟ್ಟುಗಳನ್ನು ಹೇಳಿಕೊಡಿ ಎಂದು ಬೇಡುವ ವಿದ್ಯಾರ್ಥಿಗಳ ಪತ್ರಗಳು! 2008ರಲ್ಲಿ ಅವರೇ ಇದನ್ನು ಬರೆದಿದ್ದಾರೆ. ಎಚ್ಚರಿಕೆಯ ಫಲಕವನ್ನು ಜನ ದಾರಿಸೂಚಕವೆಂದು ಓದಿದರು. ತಪ್ಪು ಓದುಗರದು ಮಾತ್ರವೆಂದು ನಾನು ಹೇಳಲಾರೆ.

ಮುಂದಿನ ಇತಿಹಾಸ ನಗುವಂಥದ್ದಲ್ಲ. ಸರ್ಕಾರಿ ಸಾಲಪತ್ರಗಳ ಹರಾಜಿನಲ್ಲಿ ಸುಳ್ಳು ಬಿಡ್ ಸಲ್ಲಿಸಿದ ಹಗರಣದಿಂದ 1991ರಲ್ಲಿ ಗುಟ್‌ಫ್ರೆಂಡ್ ರಾಜೀನಾಮೆ ನೀಡಬೇಕಾಯಿತು. ಲೂಯಿಸ್ ರನಿಯೆರಿಯವರ ನೇತೃತ್ವದಲ್ಲಿ ಅದೇ ಸಂಸ್ಥೆ ಬೆಳೆಸಿದ ಗೃಹಸಾಲದ ಬಾಂಡ್‌ಗಳ ವ್ಯಾಪಾರ ಕ್ರಮೇಣ ಕಟ್ಟುಮೀರಿ, 2008ರ ಕುಸಿತದಲ್ಲಿ ಅಸಂಖ್ಯ ಕುಟುಂಬಗಳು ಮನೆ ಕಳೆದುಕೊಂಡವು. ‘ಲಯರ್ಸ್ ಪೋಕರ್’ ಮೂಲೆಗೆ ಸರಿಸಿದ್ದ ಆ ಗ್ರಾಹಕನ ಸಾಲಿನಲ್ಲಿ ಈಗ ಊರಿಗೆ ಊರೇ ನಿಂತಿತ್ತು.

ಹಾಗಾದರೆ ಈ ಕೃತಿಯನ್ನು ಓದಬಾರದೇ? ಖಂಡಿತ ಓದಿ. ಹಣಕಾಸಿನ ವೃತ್ತಿಯೇ ಪಾಪವಲ್ಲ. ವಿಧವೆಯೊಬ್ಬಳ ಪಿಂಚಣಿಯನ್ನು ಜೋಪಾನವಾಗಿ ಬೆಳೆಸುವ ಹೂಡಿಕೆದಾರನೂ ಸೇವಕನೇ. ಇಂಥ ಸಂಸ್ಥೆಗಳ ಕಚೇರಿಗಳು ಇಂದು ಬೆಂಗಳೂರಿನಲ್ಲೂ ಇವೆ, ನಮ್ಮ ಮಕ್ಕಳೂ ಅಲ್ಲಿ ದುಡಿಯುತ್ತಿದ್ದಾರೆ. ಅವರೊಂದಿಗೆ ಕುಳಿತು ಇದನ್ನು ಓದಿ, ಮನಸಾರೆ ನಗಿ. ಆಮೇಲೆ ಆ ಜರ್ಮನ್ ನೌಕರನ ಪ್ರಸಂಗಕ್ಕೆ ಮರಳಿ, ಲೇಖಕರು ಬರೆಯದೆ ಬಿಟ್ಟ ಅವನ ಆ ಸಂಜೆಯ ಕುರಿತು ಮಾತನಾಡಿ.