‘ಕೆರೆಗೆ ಹಾರ’: ತ್ಯಾಗದ ಹಾಡೋ, ಅಪರಾಧದ ಸಾಕ್ಷ್ಯವೋ?

ಹಾಡೊಂದು ತಾನೊಂದೇ ಕೇಳಿಬಂದಾಗ ಕೊಡುವ ಅರ್ಥ ಬೇರೆ, ಇನ್ನೊಂದು ಕೃತಿಯ ಜೊತೆಗೂಡಿ ಕೇಳಿಬಂದಾಗ ಕೊಡುವ ಅರ್ಥ ಬೇರೆ. ಈ ಸಂಗತಿಯನ್ನು ಒಂದು ಹೊರನಾಡಿನ ನಿದರ್ಶನದಿಂದ ಸ್ಪಷ್ಟಪಡಿಸಿಕೊಂಡು, ಅನಂತರ ನಮ್ಮ ನಾಡಿನ ಒಂದು ಪ್ರಸಿದ್ಧ ಕಥನಗೀತೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಅಮೆರಿಕದಲ್ಲಿ ೨೦೧೪ರಲ್ಲಿ ‘ಟ್ರೂ ಡಿಟೆಕ್ಟಿವ್’ ಎಂಬ ದೂರದರ್ಶನದ ಅಪರಾಧಕಥಾ ಮಾಲಿಕೆ ಎಂಟು ಕಂತುಗಳಲ್ಲಿ ಪ್ರಸಾರವಾಯಿತು. ಲೂಸಿಯಾನ ರಾಜ್ಯದ ಕಬ್ಬಿನ ಗದ್ದೆಯೊಂದರಲ್ಲಿ ೧೯೯೫ರಲ್ಲಿ ದೊರೆತ ಹೆಣ್ಣಿನ ಶವ, ಅದರ ಜಾಡು ಹಿಡಿದ ಇಬ್ಬರು ಪತ್ತೇದಾರರು, ಹದಿನೇಳು ವರ್ಷಗಳ ಮೇಲೆ ಮತ್ತೆ ತೆರೆದ ಕಡತ, ಇವು ಅದರ ವಸ್ತು. ಪ್ರತಿ ಕಂತಿನ ಆರಂಭದಲ್ಲಿಯೂ ಒಂದು ವಿಷಾದಭರಿತ ಹಳ್ಳಿಗಾಡಿನ ಧಾಟಿಯ ಹಾಡು ಕೇಳಿಬರುತ್ತದೆ. ಅದು ‘ಹ್ಯಾಂಡ್‌ಸಮ್ ಫ್ಯಾಮಿಲಿ’ ಎಂಬ ಹೆಸರಿನಲ್ಲಿ ಹಾಡುವ ಬ್ರೆಟ್ ಮತ್ತು ರೆನಿ ಸ್ಪಾರ್ಕ್ಸ್ ದಂಪತಿಗಳದು; ೨೦೦೩ರಲ್ಲಿಯೇ ‘ಸಿಂಗಿಂಗ್ ಬೋನ್ಸ್’ ಎಂಬ ಸಂಪುಟದಲ್ಲಿ ಪ್ರಕಟವಾಗಿದ್ದುದು. ಎಂದರೆ ಕಥೆಗಾಗಿ ಹಾಡು ಹುಟ್ಟಲಿಲ್ಲ; ಹನ್ನೊಂದು ವರ್ಷಗಳ ತರುವಾಯ ಹಾಡಿಗೆ ಕಥೆ ಬಂದು ಸೇರಿತು. ಹಾಡಿನಲ್ಲಿ ಮರುಭೂಮಿಯ ಗಿಡವೂ ಇರುಳೂ ಇವೆ. ಪತ್ತೇದಾರರಾಗಲಿ ಲೂಸಿಯಾನವಾಗಲಿ ಇಲ್ಲ. ಆದರೂ ಮಾಲಿಕೆಯನ್ನು ನೋಡಿದವರಿಗೆ ಈಗ ಆ ಹಾಡು ಕೊಲೆಯ ನೆನಪಿಲ್ಲದೆ ಕೇಳಿಸುವುದಿಲ್ಲ. ಜೊತೆಗಾರಿಕೆಯ ಬಲ ಅಂತಹುದು.

ನಮ್ಮ ‘ಕೆರೆಗೆ ಹಾರ’ಕ್ಕೆ ಇದರ ವಿಪರೀತವಾದ ಗತಿ ಒದಗಿದೆ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಕೊಲೆಯ ಪ್ರಸ್ತಾಪವಿಲ್ಲದ ಹಾಡು ಕೊಲೆಯ ಹಾಡಾಯಿತು. ಇಲ್ಲಿ ಕೊಲೆಯನ್ನೇ ಹೇಳುವ ಹಾಡು ‘ತ್ಯಾಗ’ವೆಂಬ ಶೀರ್ಷಿಕೆಯೊಡನೆ ಜೊತೆಗೂಡಿ, ಆದರ್ಶ ಸೊಸೆಯ ಹಾಡಾಗಿ ಮೆರೆಯಿತು. ತರಗತಿಯಲ್ಲಿ ಭಾಗೀರಥಿಯ ಕಥೆಯನ್ನು ಕೇಳಿದಾಗಲೆಲ್ಲ ವಿದ್ಯಾರ್ಥಿಗಳು ಒಪ್ಪಿಸುವ ಮೊದಲ ವಾಕ್ಯ, ಆಕೆ ಊರಿನ ಹಿತಕ್ಕಾಗಿ ತನ್ನನ್ನು ಅರ್ಪಿಸಿಕೊಂಡಳೆಂಬುದೇ. ಹಾಡು ಹಾಗೆ ಹೇಳುತ್ತದೆಯೇ?

ಕಥಾಭಾಗವನ್ನು ನೆನೆಯೋಣ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬೀಳುವುದಿಲ್ಲ. ಜೋಯಿಸರು ಹೊತ್ತಿಗೆ ತೆರೆದು ಸೊಸೆಯನ್ನು ಬಲಿಕೊಡಬೇಕೆನ್ನುತ್ತಾರೆ. ಹಿರಿಯ ಸೊಸೆಯ ಮಾತು ಬಂದಾಗ, ಅವಳಿಲ್ಲದಿದ್ದರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವೆಂಬ ಕಾರಣದಿಂದ ಅವಳನ್ನು ಬಿಡಲಾಗುತ್ತದೆ. ಆಯ್ಕೆ ಕಿರಿಯವಳ ಮೇಲೆ ಬೀಳುತ್ತದೆ. ಇಲ್ಲಿ ದೈವಾಜ್ಞೆಗಿಂತ ಮನೆವಾರ್ತೆಯ ಲೆಕ್ಕಾಚಾರವೇ ಮುಂದಾಗಿದೆಯೆಂಬುದನ್ನು ವಾಚಕರು ಗಮನಿಸಬೇಕು. ಆಕೆಯ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಅಡ್ಡ ಬರುವವರು ಯಾರೂ ಇಲ್ಲ. ಪೂಜೆ ಮುಗಿಸಿ ಹಿಂದಿರುಗುವಾಗ ಬಂಗಾರದ ಬಟ್ಟಲೊಂದನ್ನು ಕೆರೆಯ ಬಳಿ ‘ಮರೆತು’ ಬಂದು, ಅದನ್ನು ತರಲು ಭಾಗೀರಥಿಯನ್ನೇ ಕಳುಹಿಸುತ್ತಾರೆ. ನೀರು ಪಾದದಿಂದ ಮೇಲೇರಿ ಆಕೆಯನ್ನು ಮುಳುಗಿಸುತ್ತದೆ. ತ್ಯಾಗಕ್ಕೆ ಬಟ್ಟಲನ್ನು ಮರೆಯುವ ಉಪಾಯವೇಕೆ ಬೇಕು? ಸ್ವಂತ ಇಚ್ಛೆಯಿಂದ ಹೊರಟವಳನ್ನು ನೆಪ ಹೇಳಿ ಕಳುಹಿಸಬೇಕಾಗಿಲ್ಲ.

ಭಾಗೀರಥಿಗೆ ವಿಷಯ ತಿಳಿದಿತ್ತಲ್ಲವೇ ಎಂಬ ಆಕ್ಷೇಪ ಬರಬಹುದು. ನಿಜ, ತಿಳಿದಿತ್ತು. ಆದರೆ ತಿಳಿದಿರುವುದು ಬೇರೆ, ಒಪ್ಪಿರುವುದು ಬೇರೆ. ತವರಿಗೆ ಓಡಿಹೋದ ಆಕೆ ತಂದೆತಾಯಿಗಳಿಗೆ ನಿಜವನ್ನು ಹೇಳಲಾರದೆ, ಅತ್ತೆಮಾವಂದಿರು ತನ್ನನ್ನು ಬೇರೆ ಇಡುತ್ತಾರಂತೆ ಎಂದಷ್ಟೇ ಅಳುತ್ತಾಳೆ. ಅವರೋ ಹೊಲ ಕೊಡುತ್ತೇವೆ, ಒಡವೆ ಕೊಡುತ್ತೇವೆ ಎನ್ನುತ್ತಾರೆ. ನಿಜ ಹೊರಬರುವುದು ಗೆಳತಿಯ ಮುಂದೆ ಮಾತ್ರ. ಆ ಗೆಳತಿಯೂ, ಕೊಟ್ಟರೆ ಕೊಡಲಿ, ಇಟ್ಟಂತೆ ಇರಬೇಕು ಎಂದು ಸಮಾಧಾನ ಹೇಳುತ್ತಾಳೆ. ಮರಳಿ ಬಂದು ಬೇಳೆ ಹಸನುಮಾಡುವಾಗ ಉಕ್ಕಿದ ಕಣ್ಣೀರಿಗೂ ಆಕೆ ಸುಳ್ಳು ಕಾರಣವನ್ನೇ ಕೊಡಬೇಕಾಗುತ್ತದೆ. ಇದು ಅರ್ಪಣೆಯ ಚಿತ್ರವಲ್ಲ. ಎಲ್ಲ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದ ಮೇಲೆ ಉಳಿದ ಮೌನದ ಚಿತ್ರ.

ಹಾಡಿನ ಉತ್ತರಾರ್ಧವಂತೂ ಅಕ್ಷರಶಃ ಒಂದು ವಿಚಾರಣೆ. ದುಃಸ್ವಪ್ನ ಕಂಡು ಕುದುರೆಯೇರಿ ಬಂದ ಮಾದೇವರಾಯನು ಹೆಂಡತಿಯೆಲ್ಲಿ ಎಂದು ಕೇಳುತ್ತಾನೆ. ಮನೆಯವರು ತವರಿಗೆ ಹೋದಳೆನ್ನುತ್ತಾರೆ. ತವರಿನವರು ಗೆಳತಿಯ ಮನೆಯನ್ನು ತೋರಿಸುತ್ತಾರೆ. ಗೆಳತಿ ನಿಜವನ್ನು ನುಡಿಯುತ್ತಾಳೆ. ಹೆಂಡತಿ ಅಳುತ್ತ ನಡೆದಿದ್ದ ಹಾದಿಯನ್ನೇ ಗಂಡ ಪ್ರಶ್ನಿಸುತ್ತ ನಡೆಯುತ್ತಾನೆ. ಯಾವ ಪತ್ತೇದಾರಿ ಕಥೆಯೂ ಇದಕ್ಕಿಂತ ಅಚ್ಚುಕಟ್ಟಾಗಿ ಸಾಕ್ಷಿಗಳನ್ನು ಸಾಲಾಗಿ ನಿಲ್ಲಿಸಲಾರದು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಅಪರಾಧಕಥೆಯು ಕೊಂದವರು ಯಾರೆಂಬುದನ್ನು ಕೊನೆಯವರೆಗೆ ಬಚ್ಚಿಡುತ್ತದೆ. ಹಾಡು ಅದನ್ನು ಆರಂಭದಲ್ಲಿಯೇ ಹೇಳಿ, ತಡೆಯಬಹುದಾಗಿದ್ದವರು ಯಾರೆಂದು ಕೇಳುತ್ತದೆ. ಅಮೆರಿಕದ ಮಾಲಿಕೆಯಲ್ಲಿ ಕೊಲೆಗಾರನೊಬ್ಬ ಸಿಕ್ಕುತ್ತಾನೆ, ಅವನ ಹಿಂದಿನ ಪ್ರಭಾವಶಾಲಿಗಳೆಲ್ಲರೂ ಸಿಕ್ಕುವುದಿಲ್ಲ. ಕಲ್ಲನಕೇರಿಯಲ್ಲಿ ಎಲ್ಲರೂ ಎದುರಿಗೇ ಇದ್ದಾರೆ; ಶಿಕ್ಷೆ ಮಾತ್ರ ಯಾರಿಗೂ ಇಲ್ಲ. ಮಾದೇವರಾಯ ಕೆರೆಗೆ ಹಾರುವುದು ತೀರ್ಪಲ್ಲ, ತೀರ್ಪು ಕೊಡುವವರಿಲ್ಲವೆಂಬುದರ ಘೋಷಣೆ.

ಇತಿಹಾಸದ ವಿದ್ಯಾರ್ಥಿಗಳಾದ ನಾವು ಇಲ್ಲಿ ಎಚ್ಚರಿಕೆಯಿಂದ ಹೆಜ್ಜೆಯಿಡಬೇಕು. ಈ ಗೀತೆಯು ಇಂಥ ಇಸವಿಯಲ್ಲಿ ನಡೆದ ಘಟನೆಗೆ ಪ್ರಮಾಣವಲ್ಲ. ಕಟ್ಟಡ ನಿಲ್ಲಲು ಕಿರಿಯ ಹೆಂಗಸನ್ನು ಬಲಿಕೊಡುವ ಕಥೆ ಸೆರ್ಬಿಯಾದ ಸ್ಕಾದರ್ ಕೋಟೆಯ ಹಾಡಿನಲ್ಲಿಯೂ ರೊಮೇನಿಯಾದ ಮನೋಲೆಯ ಹಾಡಿನಲ್ಲಿಯೂ ಇದೆ. ಅಲನ್ ಡಂಡಿಸ್ ೧೯೯೬ರಲ್ಲಿ ಇವನ್ನು ಕುರಿತ ಲೇಖನಗಳ ಸಂಕಲನವನ್ನೇ ಹೊರತಂದರು. ಬೆಂಗಳೂರಿನಲ್ಲಿ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನವರು ಕೋಟೆಯ ಬಾಗಿಲು ನಿಲ್ಲಲೆಂದು ಪ್ರಾಣ ಕೊಟ್ಟರೆಂಬ ಐತಿಹ್ಯವೂ ಕೋರಮಂಗಲದಲ್ಲಿ ಅವರ ಸ್ಮಾರಕವೂ ಇವೆ. ಆದರೆ ಐತಿಹ್ಯವು ಘಟನೆಗೆ ಸಾಕ್ಷಿಯಾಗದಿದ್ದರೂ ಮನೋಧರ್ಮಕ್ಕೆ ಸಾಕ್ಷಿಯಾಗುತ್ತದೆ. ನಮ್ಮ ಶಾಸನಗಳು ಕೆರೆ ಕಟ್ಟಿಸಿದವರ ಪುಣ್ಯವನ್ನು ಹೊಗಳುತ್ತವೆ. ಬಿತ್ತುವಟ್ಟ, ಕಟ್ಟುಕೊಡಗೆಗಳ ವಿವರವನ್ನು ಕೊಡುತ್ತವೆ. ಏರಿಯ ಕೆಳಗಿರುವವರ ಮಾತು ಅಲ್ಲಿ ಅಪರೂಪ. ಆ ಮಾತನ್ನು ಉಳಿಸಿಕೊಂಡು ಬಂದದ್ದು ಹಾಡು. ಕಲ್ಲು ದಾತೃವಿನ ಪಕ್ಷದ ದಾಖಲೆಯಾದರೆ, ಹಾಡು ಮುಳುಗಿದವಳ ಪಕ್ಷದ ದಾಖಲೆ. ಕೊಲೆಯಾದವನ ಎಲುಬೇ ಹಾಡಿ ಕೊಲೆಗಾರನನ್ನು ತೋರಿಸಿಕೊಡುವ ಕಥೆಯೊಂದು ಗ್ರಿಮ್ ಸೋದರರ ಸಂಗ್ರಹದಲ್ಲಿದೆ. ಭಾಗೀರಥಿಯ ಪಾಲಿಗೆ ಹಾಡುವ ಎಲುಬು ಈ ಗೀತೆಯೇ.

‘ಹಾರ’ ಎಂಬ ಮಾತನ್ನೂ ಇಲ್ಲಿ ಗಮನಿಸಬೇಕು. ಇದಕ್ಕೆ ಆಹಾರ, ಬಲಿ ಎಂಬ ಅರ್ಥ ಹೇಳುವುದುಂಟು. ಕೇಳುವ ಕಿವಿಗೆ ಮಾತ್ರ ಕೊರಳಿನ ಮಾಲೆಯೇ ನೆನಪಾಗುತ್ತದೆ. ತ್ಯಾಗದ ವ್ಯಾಖ್ಯಾನವು ಮಾಡಿದ್ದು ಇದನ್ನೇ: ಬಲಿಯನ್ನು ಮಾಲೆಯಾಗಿಸಿತು. ಬರಗೂರು ರಾಮಚಂದ್ರಪ್ಪನವರು ಇದೇ ವಸ್ತುವನ್ನು ‘ಭಾಗೀರಥಿ’ (೨೦೧೨) ಚಲನಚಿತ್ರವಾಗಿಸಿದರು. ಇಂತಹ ಪ್ರತಿಯೊಂದು ಹೊಸ ಜೊತೆಯೂ ಹಾಡನ್ನು ಹೊಸದಾಗಿ ಕೇಳುವ ಅವಕಾಶ.

ನಾವು ವಾಸಿಸುವ ಇಟ್ಟಮಡುವಿನ ಹೆಸರಿನಲ್ಲಿಯೇ ‘ಮಡು’ ಎಂಬ ಮಾತು ಕೇಳಿಸುತ್ತದೆ. ಈ ಹೆಸರಿನ ವ್ಯುತ್ಪತ್ತಿಯನ್ನು ಸಾಧಿಸುವ ಉದ್ದೇಶ ನಮಗಿಲ್ಲ. ಆದರೆ ನಿಂತ ಆಳದ ನೀರನ್ನು ಸೂಚಿಸುವ ಆ ಶಬ್ದವನ್ನು ಮನೆಗಳು ಒತ್ತಾಗಿ ನಿಂತ ಬೀದಿಯಲ್ಲಿ ಉಚ್ಚರಿಸುವಾಗ ಮನಸ್ಸು ತಡೆಯುತ್ತದೆ. ಧರ್ಮಾಂಬುಧಿ ಕೆರೆಯ ನೆಲದಲ್ಲಿ ಬಸ್ಸುಗಳು ನಿಲ್ಲುವ, ಸಂಪಂಗಿ ಕೆರೆಯ ನೆಲದಲ್ಲಿ ಕ್ರೀಡಾಂಗಣವಿರುವ ಊರು ನಮ್ಮದು. ಸಂಜೆ ಇಲ್ಲಿನ ಮನೆಮನೆಗಳಿಂದ ದೂರದರ್ಶನದ ಧಾರಾವಾಹಿಗಳ ಹಾಡು ಕೇಳಿಬರುತ್ತದೆ; ಅನೇಕ ಧಾರಾವಾಹಿಗಳಲ್ಲಿ ಇಂದಿಗೂ ಸೊಸೆಯ ಸಹನೆಯೇ ಗುಣ, ಆಕೆಯ ಮೌನವೇ ಶೋಭೆ. ವರದಕ್ಷಿಣೆ ನಿಷೇಧದ ಕಾನೂನು ೧೯೬೧ರಲ್ಲಿ ಬಂದರೂ ಸೊಸೆಯಂದಿರ ಸಾವಿನ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ. ಆ ಸುದ್ದಿಗಳಲ್ಲಿಯೂ ಒಂದು ‘ಮರೆತ ಬಟ್ಟಲು’ ಇರುವುದುಂಟು: ಒಲೆ ಸಿಡಿಯಿತು, ಕಾಲು ಜಾರಿತು.

ಆದ್ದರಿಂದ ‘ಕೆರೆಗೆ ಹಾರ’ವನ್ನು ಬೋಧಿಸುವವರು ಅದರ ಶೋಕವನ್ನು ಮಾತ್ರ ಸವಿದು ಮುಂದೆ ಸಾಗಬಾರದೆಂದು ನಮ್ಮ ವಿನಂತಿ. ಶೋಕವನ್ನು ಸವಿಯುವವರು ಕೆರೆಯ ದಂಡೆಯಲ್ಲಿಯೂ ಇದ್ದಿರಬೇಕು. ಬಟ್ಟಲನ್ನು ಮರೆತವರು ಯಾರೆಂದು ವಿದ್ಯಾರ್ಥಿಯೊಬ್ಬನಾದರೂ ಎದ್ದು ಕೇಳಿದರೆ, ಹಾಡನ್ನು ಕಟ್ಟಿದ ತಾಯಂದಿರ ಶ್ರಮ ಸಾರ್ಥಕವಾಯಿತೆಂದು ತಿಳಿಯುತ್ತೇವೆ.