ಹೆಸರಿನ ಪಕ್ಕದ ಕೇರಾಫ್

ಗುರುಗುಂಟಾಕ್ಕೆ ಬರುವ ಕಾಗದದ ಮೇಲೆ ಹೆಸರು, ಊರು, ‘ತಾ. ಲಿಂಗಸುಗೂರು, ಜಿ. ರಾಯಚೂರು’ ಇದ್ದರೆ ಸಾಕು. ಪಿನ್‌ಕೋಡಿನ ಮೊದಲ 584 ಅದನ್ನು ರಾಯಚೂರು ಸೀಮೆಗೆ ಮುಟ್ಟಿಸುತ್ತದೆ, ಉಳಿದದ್ದನ್ನು ಅಂಚೆಯಣ್ಣ ನೋಡಿಕೊಳ್ಳುತ್ತಾನೆ. ‘ಕೇರಾಫ್ ಇಂಥ ಅಂಗಡಿ’ ಎಂದಿದ್ದರೆ ಕಾಗದ ಆ ಅಂಗಡಿಯ ಗಲ್ಲೆಗೆ ಹೋಗುತ್ತದೆ. ಇಮೇಲಿನಲ್ಲಿ ಈ ಕೇರಾಫ್ ಕೆಲಸವನ್ನು ಕೂಡು ಚಿಹ್ನೆ ಮಾಡುತ್ತದೆ.

ನನ್ನ ವಿಳಾಸದ ಹೆಸರು ‘ಹೊಲ’ ಎಂದಿಟ್ಟುಕೊಳ್ಳಿ. ಬೀಜದಂಗಡಿಗೆ ‘ಹೊಲ+ಬೀಜ’ ಎಂದು ಕೊಡುತ್ತೇನೆ, ಬೆಳೆವಿಮೆಗೆ ‘ಹೊಲ+ವಿಮೆ’. ಎರಡೂ ಬಂದು ಬೀಳುವುದು ಒಂದೇ ಮನೆಗೆ. ಕೂಡು ಚಿಹ್ನೆಯ ಆಚೆಗಿನ ಈ ತುಣುಕನ್ನು ಆರಿಸಿಕೊಡುವವನು ಸಾಮಾನ್ಯವಾಗಿ ಪಡೆಯುವವನೇ, ಕಳಿಸುವವನಲ್ಲ. ಇದರ ಸೊಗಸೆಲ್ಲ ಅಲ್ಲಿದೆ.

ಜೀಮೇಲಿನಲ್ಲೂ ಇದು ನಡೆಯುತ್ತದೆ. ಆದರೆ ಸ್ವಂತ ಸರ್ವರಿನಲ್ಲಿ ಹೊಂದಿಸುವ ಸುಖವೇ ಬೇರೆ. ನನ್ನದು ಬಾಡಿಗೆ ಯಂತ್ರ, ಎಲ್ಲೋ ದೂರದಲ್ಲಿದೆ. ಅದರ ಕೀಲಿ ಮಾತ್ರ ನಮ್ಮ ಪಡಸಾಲೆಯಲ್ಲಿ. ವಿಟ್ಸೆ ವೆನೆಮಾ 1998ರಲ್ಲಿ ಹೊರತಂದ ಅಂಚೆ ತಂತ್ರಾಂಶ ಪೋಸ್ಟ್‌ಫಿಕ್ಸ್ ಅದರ ಬಾಗಿಲು ಕಾಯುತ್ತದೆ. ‘ರೆಸಿಪಿಯೆಂಟ್ ಡಿಲಿಮಿಟರ್’ ಎಂಬ ಒಂದೇ ಸಾಲಿನಲ್ಲಿ ಚಿಹ್ನೆ ಯಾವುದೆಂದು ಹೇಳಿದರೆ ಅದರ ಕೆಲಸ ಮುಗಿಯಿತು. ಕೂಡು ಚಿಹ್ನೆ ಕಂಡರೆ ‘ವಿಳಾಸ ತಪ್ಪು’ ಎನ್ನುವ ಜಾಲತಾಣಗಳು ಬಹಳ. ಅವಕ್ಕಾಗಿ ಅಡ್ಡಗೆರೆಯನ್ನೂ ಸೇರಿಸಿದ್ದೇನೆ, 2.11ನೇ ಆವೃತ್ತಿಯಿಂದ ಒಂದಕ್ಕಿಂತ ಹೆಚ್ಚು ಚಿಹ್ನೆಗಳಿಗೆ ಅವಕಾಶವಿದೆ. ಒಳಗೆ ಪತ್ರಗಳನ್ನು ಜೋಡಿಸಿಡುವ ಡವ್‌ಕಾಟ್‌ಗೂ ಅದನ್ನೇ ಹೇಳಬೇಕು, ಮರೆತರೆ ಅಡ್ಡಗೆರೆಯ ಪತ್ರ ಮನೆ ಸಿಗದೆ ಅಲೆಯುತ್ತದೆ.

ಬಂದ ಪತ್ರಗಳನ್ನು ಫೋಲ್ಡರುಗಳಿಗೆ ವಿಂಗಡಿಸುವ ಭಾಷೆಯ ಹೆಸರು ಸೀವ್. ಜರಡಿ ಎಂದೇ ಅದರ ಅರ್ಥ, ತೊಗರಿ ಜರಡಿ ಹಿಡಿದ ಕೈಗೆ ಬೇರೆ ವಿವರಣೆ ಬೇಡ. ವಿಳಾಸದ ಬಾಲವನ್ನು ಓದುವ ಅದರ ‘ಸಬ್‌ಅಡ್ರೆಸ್’ ವಿಸ್ತರಣೆಯ ಈಗಿನ ರೂಪ 2008ರದ್ದು, ಆರ್‌ಎಫ್‌ಸಿ 5233. ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ: ಪತ್ರದೊಳಗಿನ ‘ಟು’ ಸಾಲನ್ನು ನೋಡಿ ವಿಂಗಡಿಸುತ್ತಾರೆ. ಬಿಸಿಸಿಯಲ್ಲಿ ಬಂದ ಪತ್ರದ ಆ ಸಾಲಿನಲ್ಲಿ ನಮ್ಮ ಹೆಸರೇ ಇರುವುದಿಲ್ಲ. ನೋಡಬೇಕಾದ್ದು ಲಕೋಟೆಯ ವಿಳಾಸ, ಸೀವ್‌ನಲ್ಲಿ ಅದರ ಹೆಸರೂ ‘ಎನ್ವಲಪ್’. ಅಂಚೆಯಣ್ಣ ಲಕೋಟೆ ಒಡೆದು ಮನೆ ಹುಡುಕುತ್ತಾನೆಯೇ?

ಇನ್ನೊಂದು ಮಾತು ಖಡಾಖಂಡಿತ ಹೇಳುತ್ತೇನೆ. ತುಣುಕು ಕಂಡೊಡನೆ ಆ ಹೆಸರಿನ ಫೋಲ್ಡರನ್ನು ತಾನೇ ಹುಟ್ಟಿಸುವ ಸೌಲಭ್ಯ ಇದೆ. ಬೇಡ. ಯಾವನೋ ಅಪರಿಚಿತ ಸಾವಿರ ತುಣುಕು ಬರೆದು ಕಳಿಸಿದರೆ ನಮ್ಮ ಮನೆಯಲ್ಲಿ ಸಾವಿರ ಕೋಣೆ ಏಳುತ್ತವೆ. ಫೋಲ್ಡರುಗಳನ್ನು ನಾನೇ ಮೊದಲು ಕಟ್ಟುತ್ತೇನೆ. ಗುರುತಿಲ್ಲದ ತುಣುಕಿನ ಪತ್ರ ಇನ್‌ಬಾಕ್ಸಿನಲ್ಲೇ ಕೂರಲಿ. ಸೀವ್ ಕಡತ ಯೂನಿಕೋಡಿನದಾದ್ದರಿಂದ ವಿಳಾಸದ ತುಣುಕು ಇಂಗ್ಲಿಷ್ ಅಕ್ಷರದಲ್ಲಿದ್ದರೂ ನನ್ನ ಫೋಲ್ಡರುಗಳ ಹೆಸರುಗಳು ಕನ್ನಡದಲ್ಲಿವೆ: ಬೀಜ, ವಿಮೆ, ಕರೆಂಟ್ ಬಿಲ್ಲು, ಅಮರೇಶ್ವರ ಜಾತ್ರೆ.

ಕಳೆದ ಮುಂಗಾರಿನಲ್ಲಿ ‘ಬೀಜ’ ಫೋಲ್ಡರಿಗೆ ಸಾಲದ ಜಾಹೀರಾತುಗಳು ಬರತೊಡಗಿದವು. ಆ ವಿಳಾಸ ಕೊಟ್ಟದ್ದು ಒಂದೇ ಕಡೆ, ಹಾಗಾಗಿ ಎಲ್ಲಿಂದ ಸೋರಿತೆಂದು ಹುಡುಕಬೇಕಾಗಲಿಲ್ಲ. ಅಂಗಡಿಗೆ ‘ಬೀಜ2’ ಕೊಟ್ಟೆ. ಹಳೆಯದನ್ನು ನಿರಾಕರಿಸಲು ಪೋಸ್ಟ್‌ಫಿಕ್ಸಿನ ಪಟ್ಟಿಯಲ್ಲಿ ಒಂದು ಸಾಲು ಬರೆದೆ. ಅಂದಿನಿಂದ ಆ ಪತ್ರಗಳು ಬಾಗಿಲಿನಿಂದಲೇ ವಾಪಸ್.