ಉಕ್ಕು ಎಂಬ ಶಬ್ದವೂ ಬುಕಾನನನ ಮೂಸೆಯೂ

ಉಕ್ಕೆಂಬ ಲೋಹವಾಚಕವು 'ಹಾಲು ಉಕ್ಕಿತು' ಎಂಬಲ್ಲಿಯ ಧಾತುವಿನಿಂದ ಬಂದಿತೆಂದು ಕೆಲವರು ಹೇಳುವುದುಂಟು. ಕೇಳಲು ಹಿತವಾಗಿದೆ, ಆದರೆ ಕೆಲಸದ ಕ್ರಮವನ್ನು ಕಂಡವರು ಇದನ್ನೊಪ್ಪರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಮಾಗಡಿಯ ಆಸುಪಾಸಿನ ಉಕ್ಕಿನ ಕುಲುಮೆಯನ್ನು ವರ್ಣಿಸಿರುವನು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನೂ ತಂಗಡಿಯ ಕಡ್ಡಿಯನ್ನೂ ಹಸುರೆಲೆಯನ್ನೂ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿಯೂದಿ ಕಾಯಿಸುವರು. ಎಲೆಕಡ್ಡಿಗಳು ಮಂತ್ರೌಷಧಿಯಲ್ಲ. ಅವು ಒಳಗೇ ಇದ್ದಲಾಗಿ, ಅಂಗಾರವು ಕಬ್ಬಿಣವನ್ನು ಸೇರುವುದು. ಸೇರಿದಂತೆಲ್ಲ ಅದರ ಕರಗುವ ಉಷ್ಣವು ಇಳಿಯುವುದು. ಶುದ್ಧವಾದ ಕಬ್ಬಿಣವು 1538 ಡಿಗ್ರಿ ಸೆಂಟಿಗ್ರೇಡಿಗಲ್ಲದೆ ಕರಗದು. ಬಾಯಿ ಕಟ್ಟಿದ ಮೂಸೆಯಲ್ಲಿ ಉಕ್ಕಿ ಹರಿಯುವುದೇನು? ಕರಗುವುದೊಂದೇ ಅಲ್ಲಿಯ ವ್ಯಾಪಾರ. ತಮಿಳಿನಲ್ಲಿ 'ಉರುಕು' ಎಂದರೆ ಕರಗು. 'ಉರುಕ್ಕು' ಎಂದರೆ ಕರಗಿಸಿದುದು, ಉಕ್ಕು. ಮಲೆಯಾಳದಲ್ಲಿಯೂ ಉಕ್ಕಿಗೆ ಇದೇ ಹೆಸರು. ನಮ್ಮ 'ಉರ್ಕು' ರೇಫವನ್ನು ಬಿಟ್ಟು 'ಉಕ್ಕು' ಆದುದು ಕನ್ನಡಕ್ಕೆ ಸಹಜವೇ. ಎರಡು ಧಾತುಗಳು ಒಂದೇ ರೂಪಕ್ಕೆ ಬಂದುದರಿಂದ ಈ ಭ್ರಾಂತಿ. ಆಂಗ್ಲರ 'ವೂಟ್ಸ್' ನಮ್ಮ ಉಕ್ಕೇ ಎಂಬ ಊಹೆಯನ್ನು ನಾನು ಒಪ್ಪುವೆನು. ಆದರೆ ಕಕಾರವು ತ್ಸಕಾರವಾದುದಕ್ಕೆ ಲಿಪಿಕಾರನ ಕೈತಪ್ಪನ್ನಲ್ಲದೆ ಯಾವ ವ್ಯಾಕರಣಸೂತ್ರವನ್ನೂ ಹುಡುಕಬಾರದು.